ಕೀಳಬಾರದಾಗಿದ್ದ ಹಲ್ಲು

ನಮ್ಮ ಕಡೆ ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಹಲ್ಲಿನ ತೊಂದರೆ ನಮ್ಮ ಮನೆಗಳಲ್ಲಿ ಬೇಗ ಗೊತ್ತಾಗುವುದಿಲ್ಲ. ನನ್ನದು ಗೊತ್ತಾದದ್ದು ಹುರುಳಿಕಾಳಿನ ಪಲ್ಯದಲ್ಲಿ ಸಿಕ್ಕ ಒಂದು ಕಲ್ಲಿನಿಂದ. ಎಡಗಡೆಯ ಕೆಳದವಡೆ ಹಲ್ಲಿನ ಮೂಲೆ ಚಕ್ಕೆ ಎದ್ದು ನಾಲಿಗೆಗೆ ಚುಚ್ಚತೊಡಗಿತು. ಕಾಳು ಆರಿಸಿದವಳೂ ನಾನೇ, ಬೇಯಿಸಿದವಳೂ ನಾನೇ. ಯಾರನ್ನೂ ಬೈಯುವ ಹಾಗಿರಲಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮ ಬೀದಿಯವರೆಲ್ಲ ಹೋಗುವ ಹಲ್ಲಿನ ಡಾಕ್ಟರೊಬ್ಬರಿದ್ದಾರೆ. ಚಕ್ಕೆ ಎದ್ದ ಜಾಗಕ್ಕೆ ಸಿಮೆಂಟು ತುಂಬುವ ಮೊದಲು ಬೇರು ನೋಡಬೇಕೆಂದು ಒಂದು ಸಣ್ಣ ಎಕ್ಸ್‌ರೇ ತೆಗೆದರು. ತೆಗೆದವರು ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು.

"ಇಲ್ಲಿ ನೋವಿಲ್ವಾ ನಿಮಗೆ?"

"ಇಲ್ಲ ಸಾ. ಚುಚ್ತದೆ ಅಷ್ಟೆ."

"ಊತ, ಕೀವು?"

"ಏನೂ ಇಲ್ಲ."

ನನಗೂ ತೋರಿಸಿದರು. ಬೇರಿನ ಕೆಳಗೆ, ಮೂಳೆಯೊಳಗೆ, ಬಿಳಿ ಗಂಟುಗಳು. ಹರಳುಪ್ಪನ್ನು ಹತ್ತಿಯಲ್ಲಿ ಸುತ್ತಿಟ್ಟ ಹಾಗಿತ್ತು. ಹಲ್ಲಿಗೆ ಸಿಮೆಂಟು ತುಂಬಿ, ಇಡೀ ದವಡೆಯ ದೊಡ್ಡ ಚಿತ್ರ ತೆಗೆಸಬೇಕು, ಮೈಸೂರಿನ ಡೆಂಟಲ್ ಕಾಲೇಜಿಗೆ ಹೋಗಿ, ಹೆದರಬೇಡಿ ಎಂದು ಚೀಟಿ ಬರೆದುಕೊಟ್ಟರು. ಹೆದರಬೇಡಿ ಎಂದ ಮೇಲೆ ಹೆದರದೆ ಇರುವುದು ಹೇಗೆ?

ಮನೆಗೆ ಬಂದು ನಾನು ಮೊದಲು ಫೋನು ಮಾಡಿದ್ದು ಯಳಂದೂರಿನಲ್ಲಿರುವ ತಂಗಿಗೆ. ನನಗಿಂತ ಚಿಕ್ಕವಳಾದರೂ ಆಸ್ಪತ್ರೆ, ಬ್ಯಾಂಕು, ತಾಲೂಕು ಕಚೇರಿ ಎಲ್ಲೇ ಆಗಲಿ, ನಮ್ಮ ತವರಿನ ಕಡೆಯಿಂದ ಮುಂದೆ ನಿಂತು ಮಾತಾಡುವವಳು ಅವಳೇ. ಅಪ್ಪನ ಕೊನೆಯ ಕಾಯಿಲೆಯಲ್ಲಿ ಡಾಕ್ಟರುಗಳ ಹಿಂದೆ ಓಡಾಡಿದವಳೂ ಅವಳೇ. ನನ್ನ ಬಾಣಂತನದಿಂದ ಹಿಡಿದು ಬೀಗರ ಮನೆಯ ಜಗಳದವರೆಗೆ ಅವಳಿಗೆ ಗೊತ್ತಿಲ್ಲದ ನನ್ನ ವಿಷಯವಿರಲಿಲ್ಲ. ಗಂಡನಿಗೆ ಹೇಳದ್ದನ್ನೂ ಅವಳಿಗೆ ಹೇಳಿದ್ದೇನೆ.

"ನೀನ್ ಸುಮ್ಕಿರಕ್ಕ, ನಾನ್ ಬತ್ತೀನಿ. ನೀನೊಬ್ಳೇ ಓದ್ರೆ ಡಾಕ್ಟ್ರು ಏನಂದ್ರೂ ಕೋಲೆ ಬಸವನಂಗೆ ತಲೆ ಆಡಿಸ್ಬುಟ್ಟು ಬತ್ತೀಯ," ಎಂದಳು.

ಮೈಸೂರಿಗೆ ನಾವು ಮೂವರು ಹೋದೆವು: ನಾನು, ತಂಗಿ, ನನ್ನ ಗಂಡ. ಅವರು ರೇಷ್ಮೆ ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಮಗಳ ನಾಮಕರಣಕ್ಕೂ ಅರ್ಧ ದಿನವಷ್ಟೇ ರಜೆ ಹಾಕಿದ ಮನುಷ್ಯ. ಕಾಲೇಜಿನಲ್ಲಿ ಒಂದು ಮಿಷನ್ನಿನ ಮುಂದೆ ನಿಲ್ಲಿಸಿ, ಗದ್ದ ಊರಿಸಿ, ಒಂದು ಕಡ್ಡಿ ಕಚ್ಚಿಸಿದರು. ಅದು ನನ್ನ ಮುಖದ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು, ಆರತಿ ಎತ್ತಿದ ಹಾಗೆ. ಆಮೇಲೆ ಡಾಕ್ಟರಮ್ಮನ ಕೋಣೆ. ಚಿಕ್ಕ ವಯಸ್ಸಿನವರು, ಕನ್ನಡಕ, ಮಾತು ಮೆತ್ತಗೆ. ಹತ್ತಿಯ ತುಂಡಿಗೆ ಏನೋ ತಣ್ಣನೆಯದನ್ನು ಸಿಂಪಡಿಸಿ ಒಂದೊಂದು ಹಲ್ಲಿಗೂ ಮುಟ್ಟಿಸಿ ಕೇಳುತ್ತ ಹೋದರು.

"ಜುಮ್ ಅನ್ನುತ್ತಾ?"

"ಅಂತದೆ."

"ಇದು?"

"ಇದೂ ಅಂತದೆ ಕಣಮ್ಮ. ಸಾಕು."

ಅವರು ನಕ್ಕರು. "ಎಲ್ಲ ಹಲ್ಲಿಗೂ ಜೀವ ಇದೆ," ಎಂದರು. ಅಷ್ಟು ಮಾತ್ರ ನನ್ನ ಕಿವಿಯಿಂದಲೇ ಕೇಳಿದೆ. ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಅವರು ಬೆರಳು ಇಡುವ ಹೊತ್ತಿಗೆ ತಂಗಿ ನನ್ನ ಭುಜ ಮುಟ್ಟಿದಳು.

"ಅಕ್ಕ, ಬಾಯೆಲ್ಲ ಥಣ್ಣಗಾಗೈತೆ ನಿಂಗೆ. ಆಚೆ ಓಗಿ ಒಂದು ಕಾಫಿ ಕುಡ್ಕಂಡು ಕೂತಿರು."

"ಅವರೂ ಇರಲಿ, ಅವರಿಗೇ ಹೇಳಬೇಕಲ್ಲ," ಎಂದರು ಡಾಕ್ಟರಮ್ಮ.

"ಅಕ್ಕನ್ಗೆ ಗಾಬ್ರಿ ಜಾಸ್ತಿ ಮೇಡಂ. ನಮ್ಗೆ ಯೋಳಿ, ನಾವ್ ಯೋಳ್ತೀವಿ."

ನಾನು ಎದ್ದು ಆಚೆ ಬಂದೆ. ಇದು ನಮ್ಮಲ್ಲಿ ನಡೆದುಕೊಂಡು ಬಂದಿರುವ ಕ್ರಮ. ಕಾಯಿಲೆ ಬಿದ್ದವರಿಗೆ ಯಾರೂ ಏನೂ ಹೇಳುವುದಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವರನ್ನು ಆಚೆ ಕಳಿಸುತ್ತಾರೆ. ಕಾಯಿಲೆ ಒಬ್ಬರದು, ಅದರ ಸುದ್ದಿ ಇನ್ನೊಬ್ಬರದು. ಅದರಲ್ಲಿ ತಪ್ಪೇನಿದೆ ಎಂದು ನನಗೂ ಅವತ್ತು ಅನ್ನಿಸಲಿಲ್ಲ. ಕಾಫಿ ಬಿಸಿಯಾಗಿತ್ತು, ತಣ್ಣಗಾಗಿದ್ದ ಹಲ್ಲುಗಳಿಗೆ ಹಿತವಾಯಿತು.

ಅವರಿಬ್ಬರೂ ಹೊರಗೆ ಬಂದಾಗ ತಂಗಿಯ ಮೂಗು ಕೆಂಪಾಗಿತ್ತು. ಗಂಡ ನನ್ನನ್ನು ನೋಡದೆ ಮೆಟ್ಟಿಲನ್ನು ನೋಡುತ್ತಿದ್ದರು.

"ಏನೂ ಇಲ್ಲ ಕಣಕ್ಕ," ಎಂದಳು.

"ಮಾತ್ರೆ?"

"ಬ್ಯಾಡ್ವಂತೆ."

"ತೊಳ್ಕಳಕ್ಕೆ ಔಷ್ದಿನಾದ್ರೂ?"

"ಅದೂ ಬ್ಯಾಡ್ವಂತೆ. ಚೆಂದಾಗಿ ಬ್ರಶ್ ಮಾಡ್ಲಿ, ಏನ್ ಬೇಕೋ ತಿನ್ಲಿ ಅಂದ್ರು."

ಬಸ್ ಸ್ಟ್ಯಾಂಡಿನ ಹತ್ತಿರ ಗಂಡ ನಿಂತು, "ಏನ್ ತಿಂತೀಯ?" ಎಂದು ಕೇಳಿದರು. ಮದುವೆಯಾದಾಗಿನಿಂದ ಆ ಪ್ರಶ್ನೆ ನಾನು ಕೇಳುವುದು, ಅವರು ಉತ್ತರ ಹೇಳುವುದು. ನಾನು ಬೆರಗಾಗಿ ಮಸಾಲೆ ದೋಸೆ ಎಂದೆ. ದೋಸೆಯ ಜೊತೆ ಕೇಳದಿದ್ದರೂ ಒಂದು ಜಾಮೂನು ಬಂತು.

ಆ ದಿನದಿಂದ ನಮ್ಮ ಮನೆ ಬದಲಾಯಿತು. ಗಂಡ ಉಂಡ ತಟ್ಟೆಯನ್ನು ತಾವೇ ತೊಳೆದಿಡತೊಡಗಿದರು. ಮೊದಲ ಸಲ ಸೋಪನ್ನು ತಟ್ಟೆಗಿಂತ ತಮ್ಮ ಅಂಗಿಗೇ ಹೆಚ್ಚು ಹಚ್ಚಿಕೊಂಡರು. ಟಿ.ವಿ. ರಿಮೋಟು ನನ್ನ ಕೈಗೆ ಬಂತು. ಪಕ್ಕದ ಮನೆಯವಳು ಮೂಸಂಬಿ ತಂದುಕೊಟ್ಟು, "ಬೆಳ್ಗೆ ಬೆಳ್ಗೇನೇ ಜ್ಯೂಸ್ ಮಾಡ್ಕಂಡು ಕುಡೀರಿ ಅಕ್ಕಾರೆ," ಎಂದು ನನ್ನ ಗದ್ದವನ್ನೇ ನೋಡಿದಳು. ತಂಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನು ಮಾಡುತ್ತಿದ್ದಳು. ವಯಸ್ಸಾಗುತ್ತ ಎಲ್ಲರಿಗೂ ಒಳ್ಳೆಯ ಬುದ್ಧಿ ಬರುತ್ತದೆ ಎಂದುಕೊಂಡು ನಾನು ಒಳಗೊಳಗೇ ಸಂತೋಷಪಟ್ಟೆ. ಈಗ ನೆನೆಸಿಕೊಂಡರೆ ಆ ಸಂತೋಷದ ಮೇಲೇ ನನಗೆ ಹೆಚ್ಚು ಸಿಟ್ಟು.

ಅವರೆಕಾಯಿ ಇನ್ನೂ ಸಿಗುತ್ತಿದ್ದ ದಿನಗಳು. ಇಬ್ಬರೂ ಕೂತು ಕಾಯಿ ಬಿಡಿಸುತ್ತಿದ್ದಾಗ ತಂಗಿ ಹೇಳಿದಳು.

"ಅಕ್ಕ, ಆ ಸಿಮೆಂಟ್ ತುಂಬ್ಸಿರೋ ಹಲ್ಲು ತೆಗ್ಸಬುಡಾನ."

"ಯಾಕೆ? ಚೆಂದಾಗೈತಲ್ಲ."

"ಮ್ಯಾಲೆ ಚೆಂದಾಗಿರ್ತದೆ. ಮೈಸೂರ್ ಮೇಡಮ್ಮೇ ಯೋಳವ್ರೆ, ಒಂದು ತೆಗ್ಸಿದ್ರೆ ಒಳ್ಳೇದು ಅಂತ."

"ಅವತ್ತೇ ಯೋಳ್ಲಿಲ್ವಲ್ಲೇ ನೀನು?"

"ಅವತ್ತೇ ಯೋಳಿದ್ರೆ ದೋಸೆ ತಿಂತಿದ್ಯಾ ನೀನು?"

ಇಬ್ಬರೂ ನಕ್ಕೆವು. ಕೀಳಿಸುವುದಾದರೆ ಕೊಳ್ಳೇಗಾಲದ ನಮ್ಮ ಡಾಕ್ಟರ ಹತ್ತಿರವೇ ಹೋಗೋಣವೆಂದೆ. ಅವಳು ಒಪ್ಪಲಿಲ್ಲ. "ಅವ್ರು ಬರೀ ಚೀಟಿ ಬರ್ಕೊಡೋರು. ಹನೂರಲ್ಲಿ ಒಬ್ರು ಚೆಂದಾಗಿ ಕೀಳ್ತಾರಂತೆ. ನಿಮ್ ಅತ್ಗೆ ಮನೆಗೂ ಓದಂಗಾಯ್ತದೆ," ಎಂದಳು. ನನ್ನ ಗಂಡನ ಅಕ್ಕನ ಮನೆ ಹನೂರಿನಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲೇ ಇದೆ. ಎರಡು ಕೆಲಸ ಒಂದೇ ಬಸ್ಸಿನಲ್ಲಿ ಆಗುತ್ತದೆಂದು ನಾನೂ ಹೊರಟೆ.

ಹನೂರಿನ ಡಾಕ್ಟರು ಎಕ್ಸ್‌ರೇ ಇದೆಯಾ ಎಂದು ಕೇಳಿದರು. ತಂಗಿಯೇ ಉತ್ತರ ಕೊಟ್ಟಳು. "ಮೈಸೂರಲ್ಲಿ ಎಲ್ಲಾ ತೆಗ್ದವ್ರೆ ಸಾ. ಕೀಳ್ಸಿ ಅಂದವ್ರೆ. ರಾತ್ರಿಯೆಲ್ಲ ನೋವು ಅಂತಾರೆ." ನೋವು ಎಂದದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಬೇಗ ಕೆಲಸ ಆಗಲಿ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಮೈಸೂರಿನ ಮಾತನ್ನಂತೂ ನಾನು ನಂಬಿದ್ದೆ. ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

ಹಲ್ಲು ಬೇಗ ಬರಲಿಲ್ಲ. ಡಾಕ್ಟರು ಎರಡು ಸಲ ನಿಲ್ಲಿಸಿ ಬೆವರು ಒರೆಸಿಕೊಂಡರು. ಕೊನೆಗೆ ತಟ್ಟೆಯಲ್ಲಿಟ್ಟು ತೋರಿಸಿ, "ಒಳ್ಳೆ ಗಟ್ಟಿ ಬೇರು ನೋಡಿ," ಎಂದರು. ತಂಗಿ ಅದನ್ನು ಕೇಳಿ ಪಡೆದು ಹತ್ತಿಯಲ್ಲಿ ಸುತ್ತಿಕೊಂಡಳು. ಅತ್ತಿಗೆಯ ಮನೆಗೆ ನಡೆದು ಹೋಗುವ ದಾರಿಯಲ್ಲಿ ಲಂಟಾನ ಪೊದೆ ಬೆಳೆದ ಖಾಲಿ ಜಾಗವಿದೆ. ಅಲ್ಲಿ ನಿಂತು, ಹಲ್ಲನ್ನು ನನ್ನ ತಲೆಯ ಸುತ್ತ ನಿವಾಳಿಸಿ, ಪೊದೆಯೊಳಗೆ ಎಸೆದು, ತಿರುಗಿ ನೋಡದೆ ನಡೆದಳು. ಚಿಕ್ಕಂದಿನಲ್ಲಿ ಬಿದ್ದ ಹಲ್ಲನ್ನು ಇಲಿಗೆಂದು ಎಸೆಯುತ್ತಿದ್ದದ್ದು ನೆನಪಾಗಿ, ಮರಗಟ್ಟಿದ ಬಾಯಲ್ಲಿ ನಾನು, "ಇಲಿ ತಿರ್ಗಾ ಹೊಸಾದು ಕೊಡ್ತದೇನೆ?" ಎಂದೆ. ಅವಳು ನಗಲಿಲ್ಲ.

ಆ ಗುಳಿ ಮಾಯಲಿಲ್ಲ. ಬೇರೆಯವರಿಗೆ ವಾರದಲ್ಲಿ ಕೂಡಿಕೊಳ್ಳುವ ಜಾಗ ನನಗೆ ತಿಂಗಳು ದಾಟಿದರೂ ತೆರೆದೇ ಇತ್ತು. ಮೊದಲು ಬಾಯಿಗೆ ಕೆಟ್ಟ ರುಚಿ ಬಂತು, ಆಮೇಲೆ ವಾಸನೆ, ಆಮೇಲೆ ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ. ಉಪ್ಪುನೀರು ಮುಕ್ಕಳಿಸಿದೆ, ಲವಂಗ ಇಟ್ಟೆ. ನಾಲಿಗೆ ಹೋದಾಗಲೆಲ್ಲ ಒಳಗೆ ಏನೋ ಮೊಟ್ಟೆಯ ಸಿಪ್ಪೆಯ ಹಾಗೆ ಒರಟಾಗಿ ತಾಗುತ್ತಿತ್ತು. ಹನೂರಿನ ಡಾಕ್ಟರು ಇನ್ನೊಂದು ಸಲ ತೊಳೆದು ಮಾತ್ರೆ ಕೊಟ್ಟರು. ಮುದ್ದೆ ನುಂಗುವುದಕ್ಕೂ ಆಗದೆ ಅಂಬಲಿ ಕುಡಿಯತೊಡಗಿದೆ. ಹಲ್ಲು ಹೋದದ್ದಕ್ಕಿಂತ ಈಗ ದವಡೆಯೇ ಹೋಗುತ್ತದೇನೋ ಎಂಬ ಭಯ.

"ಮೈಸೂರ್ ಮೇಡಂಗೆ ಒಂದು ಫೋನ್ ಮಾಡಿ ಕೇಳೆ," ಎಂದು ತಂಗಿಗೆ ಹೇಳಿದೆ.

"ಕೇಳ್ದೆ ಕಣಕ್ಕ. ಟೈಮ್ ತಕತದೆ ಅಂದ್ರು."

ಶಿವರಾತ್ರಿ ಬಂತು. ಮಾದಪ್ಪನ ಬೆಟ್ಟಕ್ಕೆ ಪರಸೆ ಕಟ್ಟಿಕೊಂಡು ಯಾತ್ರೆ ಹೊರಟವರು ದಿನವಿಡೀ ನಮ್ಮ ರಸ್ತೆಯಲ್ಲಿ ನಡೆಯುತ್ತಿದ್ದರು. ತಂಗಿಯೂ ಯಳಂದೂರಿನಿಂದ ಬಂದು, ನಮ್ಮ ಮನೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹೊರಟಳು. ಮಗನ ಪರೀಕ್ಷೆಗೆ ಹರಕೆ ಎಂದಳು. ಅತ್ತಿಗೆಯ ಮನೆಯವರು ಪ್ರತಿ ವರ್ಷ ನಡೆದುಹೋಗುವವರಿಗೆ ನೀರುಮಜ್ಜಿಗೆ, ಚಿತ್ರಾನ್ನ ಕೊಡುತ್ತಾರೆ. ಕೈಜೋಡಿಸಲು ನಾನೂ ಗಂಡನೂ ಬಸ್ಸಿನಲ್ಲಿ ಹನೂರಿಗೆ ಹೋದೆವು. ಅತ್ತಿಗೆ ನನ್ನನ್ನು ಒಲೆಯ ಹತ್ತಿರಕ್ಕೆ ಬಿಡಲಿಲ್ಲ. ಕುರ್ಚಿ ಹಾಕಿ ಕೂರಿಸಿ ಲೋಟ ಜೋಡಿಸಲು ಹಚ್ಚಿದರು.

"ನಾನೇನ್ ಮುದ್ಕೀನಾ ಅತ್ಗೆ? ಈರುಳ್ಳಿನಾದ್ರೂ ಕೊಡಿ, ಹೆಚ್ತೀನಿ."

"ಕೂತ್ಕಳವ್ವ ಸುಮ್ಕೆ. ನಿನ್ ತಂಗಿ ಕಾಲ್ ಬೊಬ್ಬೆ ಬರಸ್ಕಂಡು ನಡೀತಾವ್ಳೆ, ನೀನು ಇಲ್ಲಿ ಒಗೆ ಕುಡ್ಕಂಡು ಕೂತ್ಕಂಡ್ರೆ ಆ ಹರ್ಕೆ ಏನಾಗ್ಬೇಕು?"

"ಹುಡ್ಗನ ಪರೀಕ್ಷೆ ಹರ್ಕೆಗೂ ನನ್ ಹೊಗೆಗೂ ಏನತ್ಗೆ?"

ಅತ್ತಿಗೆ ಸೌಟು ಹಿಡಿದುಕೊಂಡೇ ನನ್ನ ಗಂಡನ ಕಡೆ ನೋಡಿದರು. ಅವರು ಮಜ್ಜಿಗೆಯ ಕೊಳಗದೊಳಗೆ ನೋಡುತ್ತಿದ್ದರು.

"ಇನ್ನೂ ಯೋಳಿಲ್ವೇನಪ್ಪ ನೀವು?" ಎಂದರು ತಮ್ಮನಿಗೆ. ಅತ್ತಿಗೆ ನನ್ನ ತಲೆ ಸವರಿ, "ಮಾದಪ್ಪ ದೊಡ್ಡವ್ನು ಕಣವ್ವ. ಎಂತೆಂಥಾ ಕ್ಯಾನ್ಸರ್‌ನೋರೂ ವಾಸಿ ಆಗವ್ರೆ," ಎಂದರು.

ಲೋಟಗಳನ್ನು ಜೋಡಿಸುವುದನ್ನು ನಾನು ನಿಲ್ಲಿಸಲಿಲ್ಲ. ಯಾಕೋ ಗೊತ್ತಿಲ್ಲ, ಒಂದು ಸಾಲು ಮುಗಿಸಿ ಇನ್ನೊಂದು ಸಾಲು ಇಟ್ಟೆ. ತೊಳೆದ ತಟ್ಟೆ, ಜಾಮೂನು, ಮೂಸಂಬಿ, ನಿವಾಳಿಸಿದ ಹಲ್ಲು, ಎಲ್ಲವೂ ಅಲ್ಲೇ ಒಂದರ ಪಕ್ಕ ಒಂದು ಬಂದು ಕೂತವು. ನಮ್ಮ ಬೀದಿಗೆ ಗೊತ್ತು, ಹನೂರಿಗೆ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಮಧ್ಯಾಹ್ನ ತಂಗಿ ಕುಂಟುತ್ತ ಬಂದಳು. ಅವಳ ಪಾದಕ್ಕೆ ನೀರು ಹಾಕಿದೆ, ಬೊಬ್ಬೆಗಳಿಗೆ ಹರಳೆಣ್ಣೆ ಹಚ್ಚಿದೆ. ಏನೂ ಕೇಳಲಿಲ್ಲ. ಕೇಳಿದರೆ ಅವಳು ಇನ್ನೊಂದು ಸುಳ್ಳು ಹೇಳುತ್ತಾಳೆ ಎಂಬುದು ಆ ಹೊತ್ತಿಗೆ ನನಗೆ ತಿಳಿದಿತ್ತು.

ಹಬ್ಬ ಕಳೆದ ಮೇಲೆ ನಾನೊಬ್ಬಳೇ ಮೈಸೂರಿನ ಬಸ್ಸು ಹತ್ತಿದೆ. ಕಾಲೇಜಿನ ಹಳೆಯ ಚೀಟಿ ತೋರಿಸಿದ್ದಕ್ಕೆ ಅದೇ ಕೋಣೆಗೆ ಕಳಿಸಿದರು. ಡಾಕ್ಟರಮ್ಮ ಬಾಯಿ ತೆರೆಸಿ ನೋಡಿ, ಕೈಯಲ್ಲಿದ್ದ ಕನ್ನಡಿಯನ್ನು ಕೆಳಗಿಟ್ಟರು.

"ಈ ಹಲ್ಲು ಯಾಕೆ ಕೀಳಿಸಿದ್ರಿ?"

"ನೀವೇ ಯೋಳಿದ್ರಂತಲ್ಲ."

"ನಾನಾ? ಏನೇ ಆದರೂ ಈ ಹಲ್ಲುಗಳನ್ನ ಕೀಳಿಸಬೇಡಿ ಅಂತ ನಿಮ್ಮ ತಂಗಿಗೆ ಎಷ್ಟು ಸಲ ಹೇಳಿದೆ. ಒತ್ತಿ ಒತ್ತಿ ಹೇಳಿದ್ದೇ ಅದೊಂದು ಮಾತು."

ನಾನು ಬಾಯಿ ಒರೆಸಿಕೊಂಡು ಕೇಳಿದೆ. "ಇದು ಕ್ಯಾನ್ಸರ್ ಅಲ್ವಾ?"

"ಅಲ್ಲ. ಯಾರು ಹಾಗಂದಿದ್ದು ನಿಮಗೆ?"

"ನಂಗ್ಯಾರೂ ಏನೂ ಅಂದಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಅವರು ಚಿತ್ರವನ್ನು ಮತ್ತೆ ಬೆಳಕಿಗೆ ಸಿಕ್ಕಿಸಿ, ನನ್ನ ಕುರ್ಚಿಯನ್ನು ಅದರ ಮುಂದಕ್ಕೆ ಎಳೆದರು. ಕೆಲವು ಹೆಂಗಸರಿಗೆ ನಡುವಯಸ್ಸಿನಲ್ಲಿ ದವಡೆಯ ಮೂಳೆ ಹೀಗೆ ತನ್ನಷ್ಟಕ್ಕೆ ತಾನು ಗಟ್ಟಿಯಾಗಿ ಗಂಟು ಕಟ್ಟಿಕೊಳ್ಳುತ್ತದೆ. ಅದು ಸೋಂಕಲ್ಲ, ಹರಡುವ ಗಡ್ಡೆಯಲ್ಲ. ಹಲ್ಲುಗಳು ಜೀವಂತವಾಗಿರುತ್ತವೆ, ಆ ತಣ್ಣನೆಯ ಹತ್ತಿ ಮುಟ್ಟಿಸಿದ್ದು ಅದನ್ನು ತಿಳಿಯುವುದಕ್ಕೇ. ಎರಡೂ ಕಡೆ ಒಂದೇ ಥರ ಇರುವುದು, ನೋವಿಲ್ಲದಿರುವುದು, ಹಲ್ಲಿಗೆ ಜೀವ ಇರುವುದು, ಇಷ್ಟು ಕಂಡ ಮೇಲೆ ಚುಚ್ಚಿ ತುಂಡು ತೆಗೆದು ಪರೀಕ್ಷೆ ಮಾಡುವುದೂ ಬೇಡ. ಯಾಕೆಂದರೆ ಆ ಗಂಟಿನಲ್ಲಿ ರಕ್ತದ ಓಡಾಟ ಕಡಿಮೆ. ಒಮ್ಮೆ ತೆರೆದರೆ ಮಾಯುವುದಿಲ್ಲ, ಸೋಂಕು ಒಳಗೆ ಇಳಿಯುತ್ತದೆ. ಬಾಯಿ ಶುಚಿಯಾಗಿಟ್ಟುಕೊಂಡು ವರ್ಷಕ್ಕೊಮ್ಮೆ ಚಿತ್ರ ತೆಗೆಸುವುದು, ಅಷ್ಟೇ ಚಿಕಿತ್ಸೆ. ಔಷಧಿ ಕೊಡಲಿಲ್ಲ, ಏಕೆಂದರೆ ಬೇಕಾಗಿರಲಿಲ್ಲ.

"ಈಗ ಬೇಕು," ಎಂದು ನಿಟ್ಟುಸಿರಿಟ್ಟು ಬರೆಯತೊಡಗಿದರು.

ಮಾತ್ರೆ, ಮುಕ್ಕಳಿಸುವ ಔಷಧಿ, ವಾರ ವಾರ ಮೈಸೂರಿಗೆ ಓಡಾಟ. ಸತ್ತ ಮೂಳೆಯ ಚೂರು ಸಡಿಲವಾಗುವವರೆಗೆ ಕಾದು, ಆಮೇಲೆ ಮರಗಟ್ಟಿಸಿ ತೆಗೆದರು. ಕಡಲೆಬೇಳೆಯಷ್ಟು ದೊಡ್ಡದು, ಕಂದು ಬಣ್ಣ. ಅದನ್ನು ನಾನು ಯಾರಿಗೂ ನಿವಾಳಿಸಲು ಕೊಡಲಿಲ್ಲ.

ತಂಗಿಯೊಡನೆ ಮಾತಾಡಿದ್ದು ಅದೆಲ್ಲ ಮುಗಿದ ಮೇಲೆ, ನಮ್ಮ ಅಡುಗೆಮನೆಯಲ್ಲಿ. ಗಂಡ ಬಾಗಿಲಲ್ಲಿ ನಿಂತಿದ್ದರು.

"ಕ್ಯಾನ್ಸರ್ ಅಲ್ಲ ಅಂತ ಡಾಕ್ಟ್ರು ನಿನ್ಗೆ ಯೋಳ್ಲಿಲ್ವೇನೆ?"

"ಯೋಳಿದ್ರು."

"ಮತ್ತೆ?"

"ಅಂಗನ್ನದೆ ಇನ್ನೆಂಗಂದಾರು ಅನ್ಕಂಡೆ. ಅಪ್ಪನ ಟೈಮಲ್ಲಿ ಏನಂದ್ರು ಯೋಳು? ಮಾತ್ರೆ ಬ್ಯಾಡ, ಮನೆಗೆ ಕರ್ಕೊಂಡೋಗಿ, ಕೇಳಿದ್ದು ತಿನ್ಸಿ ಅಂದ್ರು. ಆ ಆಸ್ಪತ್ರೆ ಬಾಗ್ಲಲ್ಲಿ ನಾನೊಬ್ಳೇ ನಿಂತಿದ್ದೆ ಕಣಕ್ಕ. ಈ ಮೇಡಮ್ಮೂ ಅದನ್ನೇ ಅಂದ್ರೆ ನಾನೇನ್ ತಿಳ್ಕಬೇಕು? ಒಂದು ಮಾತ್ರೆನಾದ್ರೂ ಕೊಟ್ಟಿದ್ರೆ ನಂಬ್ತಿದ್ದೆ."

"ನಂಗೂ ಅಂಗೇ ಅನ್ನಿಸ್ತು," ಎಂದರು ಗಂಡ.

"ಕೀಳ್ಸಬ್ಯಾಡಿ ಅಂದಿದ್ದು?"

"ಕೈಬಿಟ್ಟವ್ರೆ ಅನ್ಕಂಡೆ. ಅವ್ರು ಕೈಬಿಟ್ರೆ ನಾನು ಬಿಡಕ್ಕಾಯ್ತದಾ? ಕೆಟ್ಟದ್ದಿರೋ ಜಾಗದ ಹಲ್ಲು ಕಿತ್ತಾಕುದ್ರೆ ಅದು ಅಲ್ಲಿಗೇ ನಿಲ್ತದೆ ಅಂತ ನಮ್ಮೂರಲ್ಲಿ ಒಬ್ರು ಯೋಳಿದ್ರು. ನಿಮ್ ಕೊಳ್ಳೇಗಾಲದ ಡಾಕ್ಟ್ರು ಚಿತ್ರ ನೋಡವ್ರೆ, ಅವ್ರು ಕೀಳಲ್ಲ ಅಂತ ಹನೂರ್ಗೆ ಕರ್ಕೊಂಡೋದೆ."

"ನಂಗ್ ಒಂದ್ ಮಾತು ಯೋಳ್ಬಾರ್ದಿತ್ತೇನೆ?"

"ಯೋಳಿದ್ರೆ ನೀನು ಎದೆ ಒಡ್ಕತಿದ್ದೆ."

"ಒಡ್ಕತಿದ್ದೆ. ನನ್ ಎದೆ ಅಲ್ವೇನೆ ಅದು?"

ಅವಳು ಅತ್ತಳು. ನಾನು ಕಾಫಿ ಸೋಸಿ ಕೊಟ್ಟೆ. ಅವಳಿಗೆ ನನ್ನ ಮೇಲಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಬೊಬ್ಬೆಗಳನ್ನು ನಾನೇ ಮುಟ್ಟಿದ್ದೇನೆ. ಆದರೆ ನನ್ನ ದವಡೆಯ ಬಗ್ಗೆ ನನಗೇ ಸೇರಬೇಕಾಗಿದ್ದ ಒಂದು ಮಾತನ್ನು ಅವಳು ಇಟ್ಟುಕೊಂಡಳು, ಅದನ್ನು ತಿರುಗಿಸಿ ಡಾಕ್ಟರ ಹೆಸರಿನಲ್ಲಿ ನನಗೆ ಕೊಟ್ಟಳು. 'ಏನೂ ಇಲ್ಲ' ಎಂದು ಅವಳು ಮೈಸೂರಿನಲ್ಲಿ ಹೇಳಿದ್ದು ಅಕ್ಷರಶಃ ನಿಜ. ಅವಳು ಅದನ್ನು ಸುಳ್ಳೆಂದೇ ತಿಳಿದು ಹೇಳಿದಳು ಎಂಬುದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಗುಳಿ ಈಗ ಕೂಡಿಕೊಂಡಿದೆ, ಪೂರ್ತಿ ತುಂಬಿಲ್ಲ. ಅನ್ನದ ಅಗುಳು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಉಂಡಾದ ಮೇಲೆ ಸಣ್ಣ ಬ್ರಶ್ಶಿನಿಂದ ತೆಗೆಯುತ್ತೇನೆ. ಕಬ್ಬು ಬಲಗಡೆಯಿಂದ ಮಾತ್ರ ಅಗಿಯುತ್ತೇನೆ. ಗಂಡ ತಟ್ಟೆ ತೊಳೆಯುವುದನ್ನು ನಿಲ್ಲಿಸಿದ್ದಾರೆ, ರಿಮೋಟನ್ನೂ ವಾಪಸ್ಸು ತೆಗೆದುಕೊಂಡಿದ್ದಾರೆ.

ಈ ವರ್ಷದ ಚಿತ್ರ ತೆಗೆಸಲು ಒಬ್ಬಳೇ ಹೋಗಿದ್ದೆ. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಗಂಟುಗಳು ಇದ್ದಲ್ಲೇ, ಇದ್ದಷ್ಟೇ ಇವೆ. ಜೊತೆಗೆ ಬಂದವರು ಕೂರುವ ಕುರ್ಚಿಯ ಮೇಲೆ ನನ್ನ ಕೈಚೀಲ ಇಟ್ಟಿದ್ದೆ.

ಮಾರನೆಯ ದಿನ ತಂಗಿ ಅವರೆಕಾಯಿಯ ಚೀಲ ಹೊತ್ತು ಬಂದಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು.

"ಏನಂದ್ರಕ್ಕ ಡಾಕ್ಟ್ರು?"

"ಏನೂ ಇಲ್ಲ ಅಂದ್ರು."

"ಮಾತ್ರೆ?"

"ಬ್ಯಾಡ್ವಂತೆ."

ಅವಳು ನನ್ನ ಮುಖ ನೋಡಿದಳು. ಮೂಗು ಕೆಂಪಾಗಿದೆಯಾ, ಕಣ್ಣು ತಪ್ಪಿಸುತ್ತಿದ್ದೇನಾ ಎಂದು ಹುಡುಕಿದಳು. ಚಿತ್ರದ ಕವರು ಟಿ.ವಿ.ಯ ಪಕ್ಕದಲ್ಲೇ ಇತ್ತು. ತೆಗೆದು ತೋರಿಸಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ನಾನು ಮೊರವನ್ನು ಇಬ್ಬರ ನಡುವೆ ಎಳೆದುಕೊಂಡು ಕಾಯಿ ಬಿಡಿಸಲು ಕೂತೆ. ಅವಳೂ ಕೂತಳು. ಒಂದೊಂದು ಕಾಯಿ ಬಿಡಿಸಿದಾಗಲೂ ತಲೆ ಎತ್ತಿ ನನ್ನ ಗದ್ದವನ್ನು ನೋಡುತ್ತಿದ್ದಳು.